ಮಲ್ಲಾಜಮ್ಮನ ಹದಿನೆಂಟು ಅಂಕಣ

ಕೊತ್ತನಪೇಟೆಯ ಮೇಲಿನ ಬೀದಿಯಲ್ಲಿ ಮಲ್ಲಾಜಮ್ಮನ ಮನೆ ಹದಿನೆಂಟು ಅಂಕಣದ್ದು ಎಂದು ಸುತ್ತಲಿನ ನಾಲ್ಕೂರಿನವರು ಹೇಳುತ್ತಿದ್ದರು. ಹೇಳುವುದಕ್ಕೇನು! ನಿಂತಿದ್ದುದು ಏಳು.

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಹೋಗುವ ಬಸ್ಸು ಎರಡು ನಿಮಿಷ ನಿಂತು, ಕಂಡಕ್ಟರು ಒಂದು ಬೀಡಿ ಸೇದಿ ಮುಂದಕ್ಕೆ ಹೊರಡುವಷ್ಟು ದೊಡ್ಡ ಊರು ಅದು. ಆ ಸೀಮೆಯಲ್ಲಿ ಮನೆಯನ್ನು ಅಳೆಯುವುದು ಅಂಕಣದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಮದುವೆಯ ಮಾತಿಗೆ ಕೂತವರು ಹುಡುಗಿಯ ಹೆಸರು ಕೇಳುವುದಕ್ಕೆ ಮುಂಚೆ ಅವಳ ಮನೆ ಎಷ್ಟು ಅಂಕಣ ಎಂದು ಕೇಳುತ್ತಿದ್ದರು. ಹುಡುಗಿ ಕುಳ್ಳಗಿದ್ದರೂ ನಡೆಯುತ್ತಿತ್ತು, ಮನೆ ಕುಳ್ಳಗಿರಬಾರದು.

ಮಾವನ ಕಾಲದಲ್ಲಿ ಆ ಮನೆ ನಿಜವಾಗಿಯೂ ಹದಿನೆಂಟು ಅಂಕಣವೇ. ಮಲ್ಲಾಜಮ್ಮ ಸೊಸೆಯಾಗಿ ಬಂದಾಗ ಹಿಂದಿನ ಕೊಟ್ಟಿಗೆಯಲ್ಲಿ ಆರು ಎತ್ತು ಕಟ್ಟುತ್ತಿದ್ದರು. ಆಮೇಲೆ ಗಂಡ ಶಿವಮಲ್ಲಪ್ಪನಿಗೆ ಎದೆಯ ಕಾಯಿಲೆ ಹತ್ತಿತು. ಮೈಸೂರಿನ ಆಸ್ಪತ್ರೆ, ಸೂಜಿ, ಹಣ್ಣು, ಹಾಲು ಅಂತ ನಾಲ್ಕು ವರ್ಷ ಓಡಾಡಿದ್ದಾಯಿತು. ಹೊಲ ಎರಡೆಕರೆಗೆ ಇಳಿಯಿತು. ಹೊಲ ಇಳಿದ ಮೇಲೆ ಮನೆಯ ಸರದಿ. ಹೆಂಚು, ತೊಲೆ, ಕಂಬ ಒಂದೊಂದಾಗಿ ಗಾಡಿ ಹತ್ತಿದವು. ಶಿವಮಲ್ಲಪ್ಪ ಮಲಗಿದಲ್ಲಿಂದಲೇ ಹೆಂಡತಿಗೆ ಬುದ್ಧಿ ಹೇಳಿದ್ದ: "ಹಿಂದ್ಗಡೆಯಿಂದ ಬಿಚ್ಚುಸು. ಮುಂದ್ಗಡೆಯಿಂದ ಬಿಚ್ಚಿದ್ರೆ ಊರ್ಗೆ ಕಾಣ್ತದೆ." ಅವಳು ಹಾಗೆಯೇ ಮಾಡಿದಳು. ಹನ್ನೊಂದು ಅಂಕಣ ಮುಗಿಯುವ ಹೊತ್ತಿಗೆ ಗಂಡನೂ ಮುಗಿದ. ಸೂರಿಲ್ಲದ ಮಣ್ಣುಗೋಡೆಗಳು ಎರಡು ಮಳೆಗಾಲದಲ್ಲಿ ಕರಗಿ, ಮೊಣಕಾಲೆತ್ತರದ ದಿಣ್ಣೆಗಳಾಗಿ ಉಳಿದವು.

ಆದರೆ ಮನೆಯ ಮುಂಭಾಗದ ಚೆಲುವಿಗೆ ಏನೂ ಆಗಿರಲಿಲ್ಲ. ಕಲ್ಲಿನ ಜಗಲಿ, ಕೆತ್ತನೆಯ ಬಾಗಿಲು, ಬಾಗಿಲ ಮೇಲೆ ಎರಡು ಗಿಣಿ. ಒಳಗೆ ಏಳು ಅಂಕಣ ದಾಟಿದರೆ ಒಂದು ಹಿಂಬಾಗಿಲು, ಅದಕ್ಕೊಂದು ಬೀಗ. ಬೀಗದ ಆಚೆ ಆಕಾಶ.

ಇದು ಬೀದಿಗೆಲ್ಲ ಗೊತ್ತು. ಆದರೆ ಮೇಲಿನ ಬೀದಿಯವರು ಬೇರೆ ಯಾವುದರಲ್ಲಿ ಎಷ್ಟೇ ಕೆಟ್ಟವರಿದ್ದರೂ ಹೆಣ್ಣುಮಗಳ ಮದುವೆ ಮುರಿಯುವವರಲ್ಲ. ಐವತ್ತಮೂರರ ಕಾರ್ತೀಕದಲ್ಲಿ, ಹರವೆ ಊರಿನ ಶಿವರುದ್ರಸ್ವಾಮಿ ತನ್ನ ಹಿರಿಮಗನಿಗೆ ಮಲ್ಲಾಜಮ್ಮನ ಒಬ್ಬಳೇ ಮಗಳು ಶಾಂತಮಲ್ಲಮ್ಮನನ್ನು ನೋಡಲು ಬಂದ. ಬಂದವನು ವಾಡಿಕೆಯಂತೆ ಮೊದಲು ಪಕ್ಕದ ಮನೆಯಲ್ಲಿ ನೀರು ಕೇಳುವ ನೆಪದಲ್ಲಿ ವಿಚಾರಿಸಿದ. ಪಕ್ಕದ ಮನೆ ಸುಂದ್ರಮ್ಮ ಚೊಂಬು ಕೊಡುತ್ತ, ಕೇಳುವುದಕ್ಕೆ ಮುಂಚೆಯೇ ಅಂದುಬಿಟ್ಟಳು: "ಆ ಮನೆಯಾ? ಅದ್ನೆಂಟಂಕ್ಣ ಕಣಪ್ಪ."

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಶಿವರುದ್ರಸ್ವಾಮಿ ಜಗಲಿಯ ಮೇಲೆ ಕೂತಿದ್ದ, ಮಲ್ಲಾಜಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹುಡುಗಿ ಹಾಲು ತಂದಿಟ್ಟು ಹೋಗಿದ್ದಳು. ಅಷ್ಟರಲ್ಲಿ ಪುರಸಭೆ ಬಂತು.

ಪುರಸಭೆ ಅಂದರೆ ಬಿಲ್ ಕಲೆಕ್ಟರ್ ಪುಟ್ಟಬಸಪ್ಪ, ಅವನ ಕಂಕುಳಲ್ಲೊಂದು ರಿಜಿಸ್ಟರು. ಊರಿಗೆ ಪುರಸಭೆ ಆಗಿ ಇನ್ನೂ ವರ್ಷವಾಗಿರಲಿಲ್ಲ. ಅದುವರೆಗೆ ಪಂಚಾಯಿತಿಗೆ ಮನೆಗೆ ಮೂರು ರೂಪಾಯಿ ಕೊಟ್ಟರೆ ಮುಗಿಯುತ್ತಿತ್ತು. ಪುರಸಭೆಗಾದರೋ ಒಂದು ಬಡ್ಜೆಟ್ಟು ಬೇಕು, ಬಡ್ಜೆಟ್ಟಿಗೆ ವರಮಾನ ಬೇಕು, ವರಮಾನಕ್ಕೆ ಜನ ಬೇಕು. ಹೆಂಚಿನ ಮನೆಗೆ ಅಂಕಣಕ್ಕೊಂದು ರೂಪಾಯಿ ಎಂದು ಠರಾವಾಗಿತ್ತು. ಪುಟ್ಟಬಸಪ್ಪ ಅಂಕಣ ಬರೆದುಕೊಳ್ಳುತ್ತ ಬೀದಿಯುದ್ದಕ್ಕೂ ಬಂದಿದ್ದ, ಹೋದಲ್ಲೆಲ್ಲ ಮನೆಗಳು ಅವನ ಕಣ್ಣೆದುರೇ ಸಣ್ಣಗಾಗುತ್ತಿದ್ದವು. ಹತ್ತಂಕಣದವರು ಎಂಟು ಅಂದರು. ಎಂಟಂಕಣದವರು ಅಡುಗೆಮನೆಯನ್ನು ಕೊಟ್ಟಿಗೆ ಎಂದು ತೋರಿಸಿದರು. ಸುಂದ್ರಮ್ಮನಂತೂ ಒಂದು ಅಂಕಣ ಸತ್ತ ಅತ್ತೆಯದು, ಅದಕ್ಕೆ ತಾನು ಜವಾಬ್ದಾರಳಲ್ಲ ಎಂದಿದ್ದಳು.

ಪುಟ್ಟಬಸಪ್ಪನೂ ಅದೇ ಊರಿನವನು. ಹಿಂದಿನದು ಬಿದ್ದುಹೋಗಿರುವುದು ಅವನಿಗೆ ತಿಳಿಯದ್ದೇನಲ್ಲ. ಪೆನ್ಸಿಲು ತೆಗೆದು ಅವನೇ ದಾರಿ ಮಾಡಿಕೊಟ್ಟ.

"ಎಷ್ಟಂಕ್ಣ ಅಂತ ಬರ್ಕೊಳ್ಳವ್ವ? ಇಂದ್ಗಡೆದು ಅಂಗೇ..."

"ಅದ್ನೆಂಟು" ಎಂದಳು ಮಲ್ಲಾಜಮ್ಮ.

ಪುಟ್ಟಬಸಪ್ಪ ತಲೆಯೆತ್ತಿದ. ಕಿವಿ ಸರಿಯಾಗಿದೆಯೇ ಎನ್ನುವಂತೆ ಮತ್ತೆ ಕೇಳಿದ. "ಅದ್ನೆಂಟಾ?"

"ಊ ಕಣಪ್ಪ, ಅದ್ನೆಂಟು. ಬರ್ಕೊ. ಮುಚ್ಚಿಡಾಕೆ ನಮ್ಗೇನು ಬಂದಿರೋದು?"

ಜಗಲಿಯ ಮೇಲಿದ್ದ ಶಿವರುದ್ರಸ್ವಾಮಿಯ ಮುಖ ಅರಳಿತು. ಸರ್ಕಾರದ ಪುಸ್ತಕಕ್ಕೆ ಸರಿಯಾದ ಲೆಕ್ಕ ಬರೆಸುವ ಮನೆತನವನ್ನು ಅವನು ಅದುವರೆಗೆ ಕಂಡಿರಲಿಲ್ಲ. ಮಲ್ಲಾಜಮ್ಮ ಹೆಬ್ಬೆಟ್ಟು ಒತ್ತಿದಳು. ಪುಟ್ಟಬಸಪ್ಪ ತಲೆ ಅಲ್ಲಾಡಿಸುತ್ತ ಹೊರಟುಹೋದ.

ಆಮೇಲೆ ಶಿವರುದ್ರಸ್ವಾಮಿ ಎದ್ದು ಒಳಗೆ ಬಂದು, ಹಿಂಬಾಗಿಲ ಹತ್ತಿರ ನಿಂತ. "ಇಂದ್ಗಡೆ ಒಂಚೂರು ನೋಡ್ಬೋದಾ ತಾಯಿ?"

ಮಲ್ಲಾಜಮ್ಮ ಬಾಗಿಲಿಗೆ ಅಡ್ಡ ಬಂದು ನಿಂತಳು. ಬಾಯಿಗೆ ಬಂದದ್ದನ್ನು ಹೇಳಿದಳು. "ಅರಿಶ್ನ ಬೇಯ್ಸಿ ನೆಲದ್ ತುಂಬಾ ಅರವಿವಿ ಯಜಮಾನ್ರೆ, ಕಾಲಿಕ್ಕಾಕೆ ಜಾಗಿಲ್ಲ."

ಶಿವರುದ್ರಸ್ವಾಮಿ ಬೀಗವನ್ನು ನೋಡಿದ, ಅವಳನ್ನು ನೋಡಿದ, ಮೀಸೆ ಸವರಿಕೊಂಡ. "ಆಗ್ಲಿ ಬುಡಿ. ಅರಿಶ್ನ ಒಳ್ಳೆ ಶಕುನ" ಎಂದು ಜಗಲಿಗೆ ವಾಪಸು ಹೋದ. ಮಾಘದಲ್ಲಿ ಮದುವೆ ಆಯಿತು.

ಮದುವೆಯ ಚಪ್ಪರದ ಗರಿ ಒಣಗುವ ಮುಂಚೆ ಪುರಸಭೆಯ ಚೀಟಿ ಬಂತು. ಮನೆ ಕಂದಾಯ ಹದಿನೆಂಟು ರೂಪಾಯಿ. ಅದರ ಮೇಲೆ ರೂಪಾಯಿಗೆ ಒಂದಾಣೆಯಂತೆ ದೀಪದ ಕರ. ಒಟ್ಟು ಹತ್ತೊಂಬತ್ತು ರೂಪಾಯಿ ಎರಡಾಣೆ. ಊರಿನ ಅತಿ ದೊಡ್ಡ ಸಾಹುಕಾರನಿಗೆ ಬಂದದ್ದು ಹದಿನಾಲ್ಕು. ಮಲ್ಲಾಜಮ್ಮ ಒಂದೇ ಏಟಿಗೆ ಊರಿನ ಎಲ್ಲ ಶ್ರೀಮಂತರನ್ನೂ ಹಿಂದೆ ಹಾಕಿದ್ದಳು.

ದೀಪದ ಸಂಗತಿ ಬೇರೆ ಹೇಳಬೇಕು. ಯಾವ ಬೀದಿಯ ಕಂದಾಯ ನೂರು ರೂಪಾಯಿ ದಾಟುತ್ತದೋ ಆ ಬೀದಿಗೆ ಒಂದು ಸೀಮೆಎಣ್ಣೆ ದೀಪದ ಕಂಬ, ಅದರ ಜೊತೆಗೆ ಮನೆಮನೆಗೂ ದೀಪದ ಕರ ಎಂದು ಪುರಸಭೆ ತೀರ್ಮಾನಿಸಿತ್ತು. ಮೇಲಿನ ಬೀದಿಯವರೆಲ್ಲ ಸೇರಿ ಎಷ್ಟೇ ಕುಗ್ಗಿದರೂ ಮಲ್ಲಾಜಮ್ಮನ ದೆಸೆಯಿಂದ ಲೆಕ್ಕ ನೂರಾ ನಾಲ್ಕಕ್ಕೆ ಮುಟ್ಟಿತು. ಕಂಬ ಬಂತು. ಬಂದದ್ದು ಅವಳ ಮನೆ ಮುಂದಕ್ಕಲ್ಲ, ಸುಂದ್ರಮ್ಮನ ಮನೆ ಮುಂದಕ್ಕೆ. ದೀಪದ ಕರ ಬಿದ್ದಾಗ ಸುಂದ್ರಮ್ಮ ಒಂದು ವಾರ ಮಲ್ಲಾಜಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಎಂಟನೆಯ ದಿನ ಕಂಬದ ಕೆಳಗೆ ಒಲೆ ಹೂಡಿ ಬೋಂಡ ಹಾಕಲು ಶುರುಮಾಡಿದಳು. ವ್ಯಾಪಾರ ಚೆನ್ನಾಗಿತ್ತು. ಅದೇ ಬೀದಿಯ ಮರಿತಾಯಮ್ಮ ಆ ಬೆಳಕಿನಲ್ಲಿ ಹೂ ಕಟ್ಟಿ ಮಾರಿದಳು. ಗಂಡಸರು ಅಲ್ಲೇ ಕೂತು ಪುರಸಭೆಯನ್ನು ಬೈಯತೊಡಗಿದರು. ಕತ್ತಲೆಯಲ್ಲಿ ಬೈಯುವುದಕ್ಕೆ ಅವರಿಗೆ ಅಷ್ಟು ಅನುಕೂಲವಿರಲಿಲ್ಲ.

ಮಲ್ಲಾಜಮ್ಮ ಮೊದಲ ವರ್ಷದ ಕಂದಾಯವನ್ನು ಮೊಸರು ಮಾರಿ ಕಟ್ಟಿದಳು. ಎರಡು ಎಮ್ಮೆ ಇದ್ದವು, ಬಸ್ಸು ನಿಲ್ಲುವಲ್ಲಿನ ಹೋಟೆಲಿಗೆ ದಿನಾ ಮೊಸರು ಕೊಡುತ್ತಿದ್ದಳು. ಎರಡನೆಯ ವರ್ಷ ಒಂದು ಎಮ್ಮೆ ಬತ್ತಿತು, ಅದನ್ನು ಮಾರಿ ಹೊಲಕ್ಕೆ ಬೀಜ ತಂದಳು. ಕಂದಾಯಕ್ಕೆ ಮದುವೆಯಲ್ಲಿ ತನಗೆ ತವರಿನವರು ಕೊಟ್ಟಿದ್ದ ತಾಮ್ರದ ಹಂಡೆ ಹೋಯಿತು. ಮೂರನೆಯ ವರ್ಷಕ್ಕೆ ಕೊಡಲು ಏನೂ ಇರಲಿಲ್ಲ. ಅರ್ಜಿ ಹಾಕಿ ತಗ್ಗಿಸಿಕೊಳ್ಳಬಹುದಿತ್ತು. ಆದರೆ ಅರ್ಜಿ ಹಾಕಿದವರ ಹೆಸರನ್ನು, ಅವರ ಅಹವಾಲನ್ನು ತಮಟೆ ಹೊಡೆದು ಸಾರುತ್ತಿದ್ದರು. ತಮಟೆಯ ಸದ್ದು ಹರವೆಗೆ ಮುಟ್ಟಲು ಒಂದು ಬಸ್ಸು ಸಾಕು.

ಬೀಗರು ಬಂದಾಗಲೆಲ್ಲ ಹಿಂಬಾಗಿಲಿಗೆ ಒಂದೊಂದು ಕಾರಣ ಹುಟ್ಟುತ್ತಿತ್ತು. ಒಂದು ಸಲ ಎಮ್ಮೆ ಈದಿದೆ. ಇನ್ನೊಂದು ಸಲ ಸುಣ್ಣ ಹಸಿ ಇದೆ. ಮತ್ತೊಂದು ಸಲ ನಾಗರಹಾವು. ಮಗಳು ಶಾಂತಮಲ್ಲಮ್ಮ ಗಂಡನ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಪಾಲಿಗೂ ಆ ಮನೆ ಹದಿನೆಂಟೇ.

ಐವತ್ತಾರರ ಫಾಲ್ಗುಣದಲ್ಲಿ ಎರಡು ಸುದ್ದಿ ಒಂದೇ ವಾರ ಬಂದವು. ಮಗಳಿಗೆ ಏಳು ತಿಂಗಳು, ಹೆರಿಗೆಗೆ ಕಳಿಸಿಕೊಡುತ್ತೇವೆ ಎಂದು ಹರವೆಯಿಂದ ಹೇಳಿಕಳಿಸಿದರು. ಹಳೆಯ ಬಾಕಿ ತಿಂಗಳೊಳಗೆ ಕಟ್ಟದಿದ್ದರೆ ಎಮ್ಮೆ ಜಪ್ತಿ ಎಂದು ಪುರಸಭೆಯಿಂದ ಹೇಳಿಕಳಿಸಿದರು. ಎಮ್ಮೆ ಹೋದರೆ ಬಾಣಂತಿಗೆ ಹಾಲೆಲ್ಲಿ, ತುಪ್ಪವೆಲ್ಲಿ? ಗಂಡನಿಗೋಸ್ಕರ ಮನೆ ಬಿಚ್ಚಿದಾಗಲೂ ಮಲ್ಲಾಜಮ್ಮ ಅತ್ತಿರಲಿಲ್ಲ, ಬಿಚ್ಚಿದ ಮನೆಗೆ ಕಂದಾಯ ಕಟ್ಟಲಾಗದೆ ಎಮ್ಮೆಯ ಕೊರಳು ಹಿಡಿದುಕೊಂಡು ಅತ್ತಳು. ಅದೇ ವರ್ಷ ಅಂಕಣದ ಲೆಕ್ಕವನ್ನು ಹೊಸದಾಗಿ ತಿದ್ದಲು ಪುರಸಭೆ ಅರ್ಜಿ ಕರೆದಿತ್ತು. ಮಾನ ಹೋದರೆ ಹೋಗಲಿ ಎಂದು ಕಣ್ಣೊರೆಸಿಕೊಂಡು ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವನ ಹತ್ತಿರ ಹೋಗಿ ನಾಲ್ಕಾಣೆ ಕೊಟ್ಟು ಬರೆಸಿದಳು: ನನ್ನ ಮನೆ ಏಳು ಅಂಕಣ, ಹನ್ನೊಂದು ಅಂಕಣದ ಕಂದಾಯ ವಜಾ ಮಾಡಬೇಕು.

ವಿಚಾರಣೆಯ ದಿನ ಕಚೇರಿಯ ತುಂಬ ಜನ. ಮೇಜಿನ ಹಿಂದೆ ಪುರಸಭೆಯ ಅಧ್ಯಕ್ಷರು, ಮಗ್ಗುಲಲ್ಲಿ ಇಬ್ಬರು ಮೆಂಬರುಗಳು, ನಿಂತುಕೊಂಡು ಪುಟ್ಟಬಸಪ್ಪ. ಗೋಡೆ ಬದಿಗೆ ಮೇಲಿನ ಬೀದಿಯವರೆಲ್ಲ ಸಾಲಾಗಿ ಕೂತಿದ್ದರು. ತನ್ನ ಕಷ್ಟಕ್ಕೆ ಹೆಗಲು ಕೊಡಲು ಬಂದಿದ್ದಾರೆ ಎಂದುಕೊಂಡು ಮಲ್ಲಾಜಮ್ಮ ಅವರತ್ತ ಕೈಮುಗಿದಳು.

"ಏಳಂಕ್ಣ ಸ್ವಾಮಿ" ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ಇಂದ್ಗಡೆದು ಬಿದ್ದೋಗಿ ಏಳು ವರ್ಸ ಆಯ್ತು."

"ನೀವೇ ಹದಿನೆಂಟು ಅಂತ ಹೆಬ್ಬೆಟ್ಟು ಒತ್ತಿದ್ದೀರಲ್ಲಮ್ಮ?" ಎಂದರು ಅಧ್ಯಕ್ಷರು.

"ಸುಳ್ಳೇಳ್ದೆ ಸ್ವಾಮಿ."

ಅಧ್ಯಕ್ಷರಿಗೆ ಇದು ಇಕ್ಕಟ್ಟು. ಕಂದಾಯ ಜಾಸ್ತಿಯಾಯಿತು ಎಂದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹಿಂದೆ ಹೇಳಿದ್ದು ಸುಳ್ಳು, ಈಗ ಹೇಳುವುದು ನಿಜ ಎಂದವರು ಇವಳೊಬ್ಬಳೇ. ಸಾಲದ್ದಕ್ಕೆ ಮುಂದಿನ ವರ್ಷದ ಬಡ್ಜೆಟ್ಟು ಹದಿನೆಂಟು ಅಂಕಣವನ್ನೂ ಹೊತ್ತುಕೊಂಡು ಮಂಜೂರಾತಿಗೆ ಆಗಲೇ ಮೈಸೂರಿಗೆ ಹೋಗಿಬಿಟ್ಟಿತ್ತು.

"ಒಂದ್ಸಲ ಬಂದು ನೋಡಿ ಸ್ವಾಮಿ. ಇಲ್ಲಿಂದ ಎಲ್ಡು ಫರ್ಲಾಂಗು."

"ಸ್ಥಳ ತನಿಖೆಗೆ ಬಡ್ಜೆಟ್ಟಿನಲ್ಲಿ ದುಡ್ಡಿನ ಬಾಬ್ತು ಇಲ್ಲಮ್ಮ" ಎಂದು ಒಬ್ಬ ಮೆಂಬರು ನಿಜವಾಗಿಯೂ ಬೇಸರದಿಂದ ಹೇಳಿದರು. "ಬೀದಿಯೋರನ್ನೇ ಕೇಳೋಣ."

ಬೀದಿಯವರು ಬಂದದ್ದು ಏಕೆಂದು ಆಗ ತಿಳಿಯಿತು. ಹನ್ನೊಂದು ರೂಪಾಯಿ ವಜಾ ಆದರೆ ಬೀದಿಯ ಲೆಕ್ಕ ತೊಂಬತ್ತಮೂರಕ್ಕೆ ಇಳಿಯುತ್ತದೆ, ದೀಪದ ಕಂಬ ಕೀಳುತ್ತಾರೆ ಎಂದು ಪುಟ್ಟಬಸಪ್ಪ ಹಿಂದಿನ ದಿನವೇ ಬೋಂಡ ತಿನ್ನುತ್ತ ಸುಂದ್ರಮ್ಮನಿಗೆ ಹೇಳಿದ್ದ. ಸುಂದ್ರಮ್ಮ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು. ಮಲ್ಲಾಜಮ್ಮನ ಕಡೆ ತಿರುಗಲಿಲ್ಲ.

"ನಾನು ಈ ಬೀದಿಗೆ ಸೊಸೆಯಾಗಿ ಬಂದಾಗ ಎಣ್ಸಿವ್ನಿ ಸ್ವಾಮಿ. ಅದ್ನೆಂಟೇಯ."

ಮರಿತಾಯಮ್ಮನೂ ಹದಿನೆಂಟೇ ಅಂದಳು. ಗಂಡಸರೂ ಅಂದರು. ಮೂರು ವರ್ಷದ ಹಿಂದೆ ಅವಳ ಮಾನ ಕಾಯಲು ಹೇಳಿದ ಅದೇ ಮಾತು, ಅದೇ ಬಾಯಿಗಳು. ಬೈಯುವುದಾದರೂ ಹೇಗೆ?

ಆಗಲೇ ಬಾಗಿಲಲ್ಲಿ ಶಿವರುದ್ರಸ್ವಾಮಿ ಕಾಣಿಸಿಕೊಂಡ. ಸೊಸೆಯನ್ನು ಕಳಿಸುವ ದಿನ ಗೊತ್ತುಮಾಡಲು ಬಸ್ಸಿಳಿದು ಬಂದವನು, ಮನೆಗೆ ಬೀಗ ಹಾಕಿರುವುದು ಕಂಡು, ಯಾರೋ ತೋರಿಸಿದ ಕಡೆಗೆ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮಲ್ಲಾಜಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಏಳು ಅಂದದ್ದು ಕೇಳಿಸಿದ್ದರೆ ಮಗಳ ಗತಿಯೇನು?

"ಇವರ ಬೀಗರೇ ಬಂದರಲ್ಲ! ಬನ್ನಿ, ಬನ್ನಿ" ಎಂದರು ಅಧ್ಯಕ್ಷರು. "ಹೆಣ್ಣು ತಗೊಂಡೋರು ನೀವು, ನೋಡದೆ ತಗೊಂಡಿರ್ತೀರಾ? ನೀವೇ ಹೇಳಿ, ಎಷ್ಟು ಅಂಕಣ?"

ಶಿವರುದ್ರಸ್ವಾಮಿ ಮಲ್ಲಾಜಮ್ಮನ ಕಡೆ ಒಂದು ಸಲ ನೋಡಿದ. ಆಮೇಲೆ ಹೆಗಲ ವಲ್ಲಿ ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದ. "ಅದ್ನೆಂಟು. ಅರವೇಲಿ ಯಾರ್ನ ಬೇಕಾದ್ರೂ ಕೇಳಿ."

ಕಚೇರಿಯಲ್ಲಿ ನೆಮ್ಮದಿ ಹರಡಿತು. ಅರ್ಜಿ ವಜಾ ಆಯಿತು, ಕಂದಾಯ ಕಾಯಂ ಆಯಿತು. ಇಡೀ ಊರಿನಲ್ಲಿ ಆ ಮನೆ ಏಳೇ ಅಂಕಣ ಎನ್ನುವವಳು ಇನ್ನು ಮಲ್ಲಾಜಮ್ಮ ಒಬ್ಬಳೇ, ಅವಳ ಮಾತನ್ನು ಪುರಸಭೆ ಸುಳ್ಳೆಂದು ತೀರ್ಪು ಕೊಟ್ಟಿತ್ತು. ಮಲ್ಲಾಜಮ್ಮನಿಗೆ ಮಾನ ಉಳಿದದ್ದಕ್ಕೆ ಸಂತೋಷಪಡಬೇಕೋ ಎಮ್ಮೆ ಹೋಗುವುದಕ್ಕೆ ಅಳಬೇಕೋ ಗೊತ್ತಾಗಲಿಲ್ಲ. ಮೊದಲು ಸಂತೋಷವೇ ಆಯಿತು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಸಿಟ್ಟು ಬಂತು. ಮನೆ ಮುಟ್ಟುವಾಗ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದ ಬೀಗರಿಗೆ ಊಟ ಹಾಕದೆ ಕಳಿಸುವುದುಂಟೆ? ಬೆಳಿಗ್ಗೆಯೇ ಮಾಡಿಟ್ಟಿದ್ದ ಮುದ್ದೆ, ಹುರುಳಿಕಾಳಿನ ಸಾರು ಇತ್ತು. ಬಿಸಿಯಾಗಿ ಒಂದಿಷ್ಟು ಅನ್ನ ಬಸಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು, ಮೂರು ವರ್ಷದಲ್ಲಿ ಮೊದಲ ಬಾರಿಗೆ ಬೀಗರ ಎದುರು ಹಿಂಬಾಗಿಲು ತೆರೆದಳು.

ಹೊರಗೆ ನಡು ಮಧ್ಯಾಹ್ನದ ಬಿಸಿಲು. ಗೋಡೆಯ ದಿಣ್ಣೆಗಳ ನಡುವೆ ಉಮ್ಮತ್ತಿ ಗಿಡ ಬೆಳೆದಿತ್ತು, ಮೂಲೆಯ ಬೇವಿನ ಮರಕ್ಕೆ ಎಮ್ಮೆ ಕಟ್ಟಿತ್ತು. ಮಲ್ಲಾಜಮ್ಮ ಬಟ್ಟಬಯಲಿನ ಮಧ್ಯೆ ನೆಲಕ್ಕೆ ನೀರು ಚಿಮುಕಿಸಿ, ಮಣೆ ಹಾಕಿ, ತಟ್ಟೆ ಇಟ್ಟು, ಚೊಂಬಿನಲ್ಲಿ ನೀರು ಇಟ್ಟಳು. ಬಹಳ ಮರ್ಯಾದೆಯಿಂದ ಕರೆದಳು.

"ಬನ್ನಿ ಬೀಗ್ರೆ, ಊಟುಕ್ಕೆ ಕೂತ್ಕೊಳಿ. ಇದು ಅನ್ನೆಲ್ಡ್ನೇ ಅಂಕ್ಣ. ನಮ್ಮೆಜಮಾನ್ರು ಮಲೀಕೊತಿದ್ದ ಜಾಗ."

ಶಿವರುದ್ರಸ್ವಾಮಿ ಹೊಸ್ತಿಲ ಮೇಲೆ ನಿಂತು ಆಕಾಶ ನೋಡಿದ, ಮಣೆ ನೋಡಿದ. ಇಳಿದು ಬಂದು, ವಲ್ಲಿಯನ್ನು ತಲೆಗೆ ಸುತ್ತಿಕೊಂಡು ಕೂತ. ಪಕ್ಕದ ಮೋಟುಗೋಡೆಯ ಆಚೆ ಒಂದೊಂದೇ ತಲೆ ಮೇಲೆದ್ದಿತು. ಮಲ್ಲಾಜಮ್ಮ ಮುದ್ದೆ ಇಟ್ಟು, ಸಾರು ಬಿಟ್ಟು, ಪಕ್ಕದಲ್ಲಿ ನಿಂತು ಬೀಸಣಿಗೆಯಿಂದ ಗಾಳಿ ಬೀಸಿದಳು. ಅವನ ಹಣೆಯಿಂದ ಬೆವರು ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಅರ್ಧ ಮುದ್ದೆ ಮುಗಿಯಿತು.

"ನಂಗೆ ಅವತ್ತೇ ಗೊತ್ತಾಯ್ತು ತಾಯಿ" ಎಂದ ಅವನು, ತಟ್ಟೆ ನೋಡುತ್ತ.

ಬೀಸಣಿಗೆ ನಿಂತಿತು.

"ಕಾರ್ತೀಕ್ದಲ್ಲಿ ಯಾರವ್ವ ಅರಿಶ್ನ ಬೇಯಿಸ್ತಾರೆ? ಆಗಿನ್ನೂ ಗೆಡ್ಡೆ ಭೂಮ್ಯೊಳ್ಗೇ ಇರ್ತದೆ. ನಾಕೆಕ್ರೆ ಅರಿಶ್ನ ಬೆಳ್ಯೋನು ನಾನು."

ಮಲ್ಲಾಜಮ್ಮ ಅಲ್ಲೇ ದಿಣ್ಣೆಯ ಮೇಲೆ ಕೂತಳು. ಎರಡು ವರ್ಷದ ಕಂದಾಯ, ಹಂಡೆ, ಎಮ್ಮೆ ಈದ ಸುಳ್ಳು, ಹಾವಿನ ಸುಳ್ಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ಗೊತ್ತಿದ್ದೂ ಯಾಕೆ ಒಪ್ಕೊಂಡ್ರಿ?"

"ಎಣ್ಣು ಚೆನ್ನಾಗಿತ್ತು. ಅಲ್ದೆ, ಮಗಳ ಮದ್ವೆಗೋಸ್ಕರ ಪುರಸಭೆಗೇ ಸುಳ್ಳೇಳೋಳು ಎಂಥ ಬೀಗಿತ್ತಿ ಅಂತ ಬೆರಗಾಗ್ಬುಟ್ಟೆ."

"ಅಂಗಾರೆ ಇವತ್ತು ನಿಜ ಹೇಳ್ಬೋದಿತ್ತಲ್ಲ ಬೀಗ್ರೆ!"

ಅವನು ನಾಚಿಕೊಂಡ. ಅಷ್ಟು ದೊಡ್ಡ ಮೀಸೆಯ ಗಂಡಸು ನಾಚಿದ್ದನ್ನು ಮೇಲಿನ ಬೀದಿ ಅದೇ ಮೊದಲು ನೋಡಿತು. "ಎರಡ್ನೇ ಹುಡುಗುಂಗೆ ಎಣ್ಣು ನೋಡ್ತಾ ಇವ್ನಿ ತಾಯಿ. ದೊಡ್ಡ ಸೊಸೆದು ಅದ್ನೆಂಟಂಕ್ಣದ ಮನೆ ಅಂತ ಎಲ್ಲಾ ಕಡೆ ಹೇಳ್ಬುಟ್ಟಿವ್ನಿ."

ಮಲ್ಲಾಜಮ್ಮನಿಗೆ ಇನ್ನು ಸಿಟ್ಟಾಗಲು ಶಕ್ತಿ ಉಳಿದಿರಲಿಲ್ಲ. ಎದ್ದು ಅನ್ನ ಬಡಿಸಿದಳು, ಮೊಸರು ಹಾಕಿದಳು. ಅದೇ ಎಮ್ಮೆಯ ಮೊಸರು. ಶಿವರುದ್ರಸ್ವಾಮಿ ಕಡೆಯ ತುತ್ತು ತಿಂದು, ಕೈ ತೊಳೆದು, ವಲ್ಲಿಯಿಂದ ಮುಖ ಒರೆಸಿಕೊಂಡ. ಎದ್ದು ಒಳಂಗಿಯ ಜೇಬಿನಿಂದ ಒಂದು ರೂಪಾಯಿ ಒಂದಾಣೆ ತೆಗೆದು ಮಣೆಯ ಮೇಲೆ ಇಟ್ಟ.

"ನಾನು ಉಂಡ ಅಂಕ್ಣದ್ದು ನಂದು. ದೀಪದ ಕರನೂ ಸೇರೈತೆ. ವರ್ಸವರ್ಸ ಕಳಿಸ್ಕೊಡ್ತಿನಿ."

ಮಲ್ಲಾಜಮ್ಮ ಆ ದುಡ್ಡನ್ನು ನೋಡಿದಳು. ಆಮೇಲೆ ಮೋಟುಗೋಡೆಯ ಕಡೆಗೆ, ಅದರ ಮೇಲೆ ಸಾಲಾಗಿದ್ದ ತಲೆಗಳ ಕಡೆಗೆ ತಿರುಗಿದಳು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಅವಳ ದನಿಗೆ ಬಂತು. ಆದರೆ ಬೈಗುಳವಾಗಿ ಬರಲಿಲ್ಲ.

"ಇನ್ನೂ ಅತ್ತು ಅಂಕ್ಣ ಖಾಲಿ ಅವೆ ಕಣ್ರವ್ವಾ! ಅದ್ನೆಂಟು ಅಂತ ಎಣ್ಸಿದೋರು ಒಬ್ಬೊಬ್ರೂ ಒಂದೊಂದು ತಕೊಳಿ!"

ತಲೆಗಳು ಪಟ್ಟನೆ ಗೋಡೆಯ ಹಿಂದೆ ಮರೆಯಾದವು. ಬೇವಿನ ಮರದ ನೆರಳಲ್ಲಿ ಎಮ್ಮೆ ಮೆಲುಕು ಹಾಕುತ್ತಿತ್ತು. ಕೊನೆಗೆ ಒಂದು ತಲೆ ಮೆಲ್ಲಗೆ ಮತ್ತೆ ಎದ್ದಿತು, ಸುಂದ್ರಮ್ಮನದು. ಅವಳು ಬಯಲನ್ನು ಆ ತುದಿಯಿಂದ ಈ ತುದಿಯವರೆಗೆ ಕಣ್ಣಲ್ಲೇ ಅಳೆದು ನೋಡಿ, ಹೇಳಿದಳು:

"ಆ ಮೂಲೆದು ನಂಗಿರ್ಲಿ ಬುಡು ಕಣಕ್ಕ. ಅಲ್ಲಿ ನೆಳ್ಳು ಅದೆ."